ಫೆಲ್ಟ್ ಆನೆ ಹೊಲಿಯುವವರೇ, ಸೊಂಡಿಲು ಮೊದಲು ತುಂಬಿ

ತೋರಣಕ್ಕೋ ಗೋಡೆಗೋ ಫೆಲ್ಟ್ ಬಟ್ಟೆಯ ಆನೆ ಹೊಲಿಯಬೇಕು ಅಂತಿದ್ದೀರಾ? ಮೆಷಿನ್ ಬೇಡವೇ ಬೇಡ. ಫೆಲ್ಟ್ ಅಂದರೆ ನೇಯದೆ, ನಾರುಗಳನ್ನು ಒತ್ತಿ ಮಾಡಿದ ಬಟ್ಟೆ; ಅಂಚಿನಲ್ಲಿ ಎಳೆ ಬಿಡುವುದಿಲ್ಲ, ಹಾಗಾಗಿ ಮಡಚಿ ಹೊಲಿಯುವ ರಗಳೆಯೂ ಇಲ್ಲ. ಆನೆ ಆಕಾರದ ಎರಡು ತುಂಡು ಜೋಡಿಸಿ ಹೊರಗಿನಿಂದಲೇ ಬ್ಲಾಂಕೆಟ್ ಸ್ಟಿಚ್ (ಅಂಚಿನುದ್ದಕ್ಕೂ ಕುಣಿಕೆ ಹಾಕುತ್ತಾ ಹೋಗುವ ಹೊಲಿಗೆ) ಹಾಕಿದರೆ ಅದೇ ಚೆಂದ.

ಕಸೂತಿ ದಾರದಲ್ಲಿ ಸಾಮಾನ್ಯವಾಗಿ 6 ಎಳೆ ಇರುತ್ತವೆ. 2 ಎಳೆ ಮಾತ್ರ ಬಿಡಿಸಿಕೊಳ್ಳಿ. ಹೊಲಿಗೆ ಅಂಚಿನಿಂದ ಸುಮಾರು 3 ಮಿ.ಮೀ. ಒಳಗಿರಲಿ, ತೀರಾ ತುದಿಗೆ ಹಾಕಿದರೆ ಬಟ್ಟೆ ಕಿತ್ತು ಬರುತ್ತದೆ. ಕಣ್ಣು, ಬೆನ್ನಿನ ಮೇಲಿನ ಚಿತ್ತಾರ ಎಲ್ಲವನ್ನೂ ಎರಡು ತುಂಡು ಸೇರಿಸುವ ಮುಂಚೆಯೇ ಮುಗಿಸಿ. ಆಗ ಗಂಟುಗಳು ಒಳಗೇ ಅಡಗುತ್ತವೆ.

ನಿಜವಾದ ಕಷ್ಟ ಇರುವುದು ಸೊಂಡಿಲಿನಲ್ಲಿ. ಪೂರ್ತಿ ಹೊಲಿದ ಮೇಲೆ ತುಂಬೋಣ ಅಂದುಕೊಳ್ಳಬೇಡಿ. ಹಣೆಯ ಹತ್ತಿರ ಶುರು ಮಾಡಿ, ಸೊಂಡಿಲ ತುದಿ ಸುತ್ತಿ, ಗಲ್ಲದ ಹತ್ತಿರ ಬಂದಾಗ ನಿಲ್ಲಿಸಿ. ಸೂಜಿ ಹಾಗೇ ಇರಲಿ. ದಿಂಬಿಗೆ ಹಾಕುವ ಫೈಬರ್ ಅನ್ನು ಕಡಲೆಕಾಳಿನಷ್ಟು ಹಿಂಜಿ, ಪೆನ್ಸಿಲ್‌ನ ಮೊಂಡು ತುದಿಯಿಂದ ನಿಧಾನವಾಗಿ ತಳ್ಳಿ. ಜಾಸ್ತಿ ತುರುಕಿದರೆ ಮಧ್ಯದಲ್ಲೇ ಸಿಕ್ಕಿಕೊಂಡು ತುದಿ ಜೋತು ಬೀಳುತ್ತದೆ. ಸೊಂಡಿಲು ಗಟ್ಟಿಯಾಗಿ ನಿಂತ ಮೇಲೆಯೇ ಮುಂದಿನ ಹೊಲಿಗೆ. ಕಾಲುಗಳಿಗೂ ಹೀಗೇ ಮಾಡಿ. ಕೊನೆಗೆ ಹೊಟ್ಟೆಯ ಕೆಳಗೆ ಎರಡು ಬೆರಳು ಹೋಗುವಷ್ಟು ಜಾಗ ಬಿಟ್ಟುಕೊಂಡು ಉಳಿದದ್ದನ್ನು ತುಂಬಿ ಮುಚ್ಚಿ.

ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಕಣ್ಣಿಗೆ ಮಣಿ, ಗುಂಡಿ ದಯವಿಟ್ಟು ಬೇಡ. ಕಿತ್ತು ಬಾಯಿಗೆ ಹಾಕಿಕೊಳ್ಳುತ್ತವೆ. ಕಪ್ಪು ದಾರದಲ್ಲಿ ಕಣ್ಣು ಹೊಲಿದರೆ ಸಾಕು. ಉಣ್ಣೆಯ ಫೆಲ್ಟ್ ಆದರೆ ಬಿಸಿನೀರಿಗೆ ಹಾಕಬೇಡಿ, ಕುಗ್ಗುತ್ತದೆ.