ಒಂದೇ ಕೋಟಿಕ್ಯೂಲ್ ಕಲ್ಲಿನಲ್ಲಿ ಕ್ಷೌರದ ಕತ್ತಿ: ನನ್ನ ಅನುಭವ

ಮೊಂಡಾದ ಕ್ಷೌರದ ಕತ್ತಿಯನ್ನು ಬೇರೆ ಯಾವ ಕಲ್ಲಿಗೂ ಮುಟ್ಟಿಸದೆ, ಕೋಟಿಕ್ಯೂಲ್ ಎಂಬ ಹಳದಿ ಬೆಲ್ಜಿಯನ್ ಮಸೆಗಲ್ಲು ಒಂದರಲ್ಲೇ ಮಸೆದು ಕೆನ್ನೆಯ ಮೇಲೆ ಉರಿಯಿಲ್ಲದೆ ಓಡಿಸಬಹುದು ಎಂದು ನಾನು ಹೇಳಿದಾಗ, ಜೊತೆಯಲ್ಲಿ ಕತ್ತಿ ಮಸೆಯುವ ಗೆಳೆಯರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಆ ಕಲ್ಲು ಕೊನೆಯ ನಯಕ್ಕೆ ಮಾತ್ರ ಸರಿ, ಬೆವೆಲ್ (ಅಂಚಿನ ಎರಡೂ ಬದಿಯ ಇಳಿಜಾರು) ಕಟ್ಟಲು ಸಾವಿರ ಗ್ರಿಟ್ಟಿನ, ಅಂದರೆ ಒರಟು ಕಣದ, ಕೃತಕ ಕಲ್ಲೇ ಬೇಕು ಎಂಬುದು ಅವರ ವಾದವಾಗಿತ್ತು. ಕಳೆದ ಆರೇಳು ತಿಂಗಳಲ್ಲಿ ಹನ್ನೊಂದೋ ಹನ್ನೆರಡೋ ಕತ್ತಿಗಳನ್ನು ಈ ಒಂದೇ ಕಲ್ಲಿನ ಮೇಲೆ ಮುಗಿಸಿದ್ದೇನೆ. ಅನುಮಾನಪಟ್ಟವರಲ್ಲಿ ಇಬ್ಬರು ಈಗ ತಮ್ಮ ಕತ್ತಿಗಳನ್ನು ನನ್ನ ಕೈಗೇ ಕೊಡುತ್ತಾರೆ.

ಇಲ್ಲಿಗೆ ಬರಲು ಎರಡು ವರ್ಷ ಹಿಡಿಯಿತು, ಹಣವೂ ಸಾಕಷ್ಟು ಹೋಯಿತು. ಮೊದಲ ಕಲ್ಲಿಗೆ ಕೊಟ್ಟ ಮೊತ್ತದಲ್ಲಿ ಒಳ್ಳೆಯ ಸ್ಥಿತಿಯ ನಾಲ್ಕು ಹಳೆಯ ಕತ್ತಿಗಳು ಬರುತ್ತಿದ್ದವು. ಅದರಲ್ಲಿ ಅಂಚು ಏಳದಿದ್ದಾಗ ತಪ್ಪು ಕಲ್ಲಿನದೆಂದು ನಂಬಿ ಅರ್ಧ ಬೆಲೆಗೆ ಮಾರಿಬಿಟ್ಟೆ. ಬಳಿಕ ಇನ್ನೊಂದು ಕೋಟಿಕ್ಯೂಲ್, ತುರಿಂಗಿಯನ್ ಎಂಬ ಜರ್ಮನ್ ಮಸೆಗಲ್ಲು ಒಂದು, ಮೆಜಿರೊ ನಗುರ ಎಂಬ ಉಜ್ಜುವ ಸಣ್ಣ ಕಲ್ಲಿನ ಜೊತೆಗೆ ಒಂದು ಜಪಾನಿ ಕಲ್ಲು ಮನೆ ಸೇರಿದವು. ಅಷ್ಟರಲ್ಲಿ ಎರಡು ಕತ್ತಿಗಳು ಕೆಟ್ಟಿದ್ದವು: ಒಂದರ ಬೆನ್ನು ನನ್ನ ಒತ್ತಡಕ್ಕೆ ಚಪ್ಪಟೆಯಾಗಿ ಸವೆದಿತ್ತು, ಇನ್ನೊಂದರಲ್ಲಿ ಬುಡದ ಕಡೆಗೆ ಭಾರ ಬಿದ್ದು ಅಲಗಿನ ನಡುಭಾಗ ಒಳಕ್ಕೆ ಬಾಗಿತ್ತು. ಎರಡನೆಯದು ಎಂಟನೇ ಐದು (5/8) ಅಂಗುಲ ಅಗಲದ, ತೆಳುವಾಗಿ ಕೊರೆದ ಅಲಗಿನ ಕತ್ತಿ. ಅದನ್ನು ಕಳೆದುಕೊಂಡ ನೋವು ಇನ್ನೂ ಹೋಗಿಲ್ಲ.

ದೋಷ ಕಲ್ಲಿನಲ್ಲಿರಲಿಲ್ಲ. ಬೆಲ್ಜಿಯಮ್ಮಿನ ಆರ್ಡೆನ್ ಪ್ರದೇಶದಿಂದ ತೆಗೆಯುವ ಈ ಕಲ್ಲಿನಲ್ಲಿ ಉಕ್ಕನ್ನು ಕೊರೆಯುವುದು ಗಾರ್ನೆಟ್ ಹರಳು. ಹರಳುಗಳು ದುಂಡಗೆ ಹತ್ತಿರವಾದ್ದರಿಂದ ಅವು ಬಿಡುವ ಗೀರು ಆಳಕ್ಕಿಳಿಯುವುದಿಲ್ಲ. ಕಲ್ಲನ್ನು ನೀರಿನಲ್ಲಿ ತೇಯ್ದಾಗ ಏಳುವ ಗಸಿ ಮಂದವಾಗಿದ್ದಾಗ ಕಲ್ಲು ಬೇಗ ಕೊರೆಯುತ್ತದೆ, ಆದರೆ ಅದೇ ಗಸಿ ಅಂಚಿನ ತುದಿಗೆ ಬಡಿದು ಅದನ್ನು ಮೊಂಡಾಗಿಸುತ್ತದೆ. ಬರಿಯ ನೀರಿನಲ್ಲಿ ಅಂಚು ನಯವಾಗುತ್ತದೆ, ಕೊರೆತ ಮಾತ್ರ ಬಹಳ ನಿಧಾನ. ನಾನು ಗಸಿಯಲ್ಲೇ ಮುಗಿಯಬೇಕಿದ್ದ ಬೆವೆಲನ್ನು ಅರ್ಧಕ್ಕೆ ಬಿಟ್ಟು, ಉಳಿದ ಕೆಲಸವನ್ನು ನೀರಿನಿಂದ ನಿರೀಕ್ಷಿಸುತ್ತಿದ್ದೆ.

ಈಗ ಗಸಿಯನ್ನು ತೇಯ್ದ ಗಂಧಕ್ಕಿಂತ ಸ್ವಲ್ಪ ತೆಳ್ಳಗೆ ಎಬ್ಬಿಸಿ, ಪ್ರತಿ ಬದಿಗೆ ಸುಮಾರು ನಲವತ್ತು ಸಲ ಹಿಂದುಮುಂದು ಉಜ್ಜುತ್ತೇನೆ. ಗಸಿಯ ಮಟ್ಟದಲ್ಲೇ ಬುಡದಿಂದ ತುದಿಯವರೆಗೆ ಅಲಗಿನ ಪ್ರತಿ ಭಾಗವೂ ಮುಂಗೈ ಕೂದಲನ್ನು ಬೋಳಿಸುವವರೆಗೆ ಒಂದು ಹನಿ ನೀರನ್ನೂ ಸೇರಿಸುವುದಿಲ್ಲ. ಕೆಲವು ಕತ್ತಿಗಳಿಗೆ ಮೂರು ಸುತ್ತು ಸಾಕಾಗಿದೆ, ಒಂದಕ್ಕೆ ಹದಿನಾಲ್ಕಾದವು. ಆಮೇಲೆ ಬೆರಳ ತುದಿಯಿಂದ ಒಂದೆರಡು ಹನಿ, ಇಪ್ಪತ್ತು ಎಕ್ಸ್ ಎಳೆತ (ಬುಡದಿಂದ ತುದಿಗೆ ಓರೆಯಾಗಿ ಎಳೆಯುವುದು), ಮತ್ತೆ ಒಂದೆರಡು ಹನಿ. ಹೀಗೆ ಹದಿಮೂರು ಹದಿನಾಲ್ಕು ಸಲವಾದರೂ ತೆಳುಗೊಳಿಸುತ್ತೇನೆ, ಪ್ರತಿ ಸಲವೂ ಕೈಯ ಭಾರವನ್ನು ಇಳಿಸುತ್ತಾ ಹೋಗಿ, ಕೊನೆಗೆ ಕತ್ತಿಯ ಸ್ವಂತ ತೂಕವಷ್ಟೇ ಕಲ್ಲಿನ ಮೇಲಿರುವಂತೆ ನೋಡಿಕೊಳ್ಳುತ್ತೇನೆ. ಕಲ್ಲನ್ನು ತೊಳೆದು ಶುದ್ಧ ನೀರಿನಲ್ಲಿ ಐವತ್ತು ಅರವತ್ತು ಎಳೆತ, ನಂತರ ಬಟ್ಟೆಯ ಪಟ್ಟಿಯಲ್ಲಿ ಮೂವತ್ತು, ಚರ್ಮದ ಪಟ್ಟಿಯಲ್ಲಿ ಅರವತ್ತು. ಕೊನೆಯ ಎರಡು ಹನಿಗಳ ನಡುವೆ ಎಳೆತದ ದಿಕ್ಕಿನಲ್ಲಿ ನಾನು ಮಾಡುವ ಒಂದು ಸಣ್ಣ ಬದಲಾವಣೆಯನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ.

ನಡುವೆ ಬೇರೆ ಪರೀಕ್ಷೆಗಳನ್ನೂ ಮಾಡಿದೆ. ನೀಲಿ ಬೆಲ್ಜಿಯನ್ ಕಲ್ಲಿನ ಗಸಿಯನ್ನು ಹಳದಿಯ ಮೇಲೆ ಎಬ್ಬಿಸಿದಾಗ ನಿಧಾನವಾದುದನ್ನು ಬಿಟ್ಟರೆ ವ್ಯತ್ಯಾಸ ಕಾಣಲಿಲ್ಲ. ನೀರಿಗೆ ಒಂದು ಹನಿ ಗ್ಲಿಸರಿನ್ ಸೇರಿಸಿದರೆ ಕತ್ತಿ ಕಲ್ಲಿಗೆ ಅಂಟಿದಂತೆ ಹಿಡಿಯುವುದು ಕಡಿಮೆಯಾಯಿತು. ಇದನ್ನು ಈಗಲೂ ಬಳಸುತ್ತೇನೆ. ಬೆನ್ನಿಗೆ ಒಂದು ಪದರ ಟೇಪ್ ಅಂಟಿಸಿ ಎರಡನೆಯ ಸಣ್ಣ ಬೆವೆಲ್ ಕಟ್ಟುವ ದಾರಿ ಸುಲಭವೇ ಸರಿ. ಬೆನ್ನು 5 ಮಿಲಿಮೀಟರ್, ಅಲಗಿನ ಅಗಲ 17 ಮಿಲಿಮೀಟರ್ ಇರುವ ಕತ್ತಿಯ ಕೋನ ಸುಮಾರು 17 ಡಿಗ್ರಿ. ಟೇಪು ಅದನ್ನು ಸುಮಾರು ಒಂದು ಡಿಗ್ರಿ ಏರಿಸುತ್ತದೆ, ಕತ್ತಿಯೂ ಬೇಗ ಹರಿತವಾಗುತ್ತದೆ. ಆದರೂ ಟೇಪಿಲ್ಲದೆ ಬಂದ ಅಂಚು ನನ್ನ ಚರ್ಮಕ್ಕೆ ಹೆಚ್ಚು ಮೃದುವೆನಿಸಿದ್ದರಿಂದ ಅದನ್ನು ಬಿಟ್ಟೆ.

ಬೆಣೆಯಂತೆ ದಪ್ಪನೆಯ ಅಲಗಿನ ಹಳೆಯ ಕತ್ತಿಯೊಂದು ಮಾತ್ರ ಬಹಳ ಸತಾಯಿಸಿತು. ಅದರ ಬೆವೆಲ್ ಅಗಲವಾದ್ದರಿಂದ ಗಸಿಯ ಹಂತವೇ ಎರಡು ಸಂಜೆಗಳನ್ನು ತಿಂದಿತು, ಮೂರನೆಯ ಸಂಜೆ ನೀರಿಗೆ ಬಂದೆ. ಮರುದಿನ ಬೆಳಿಗ್ಗೆ ಅದರಲ್ಲೇ ಎರಡು ಸುತ್ತು ಕ್ಷೌರ ಮಾಡಿಕೊಂಡೆ; ಗಲ್ಲದ ಕೆಳಗೆ ಕೂದಲು ಸುಳಿ ತಿರುಗಿರುವ ಕಡೆಯಲ್ಲೂ ಕತ್ತಿ ಎಳೆಯಲಿಲ್ಲ.