ಮೆಡಿಕಲ್ ಸೀಟು ಕೈತಪ್ಪಿತೇ? ಲಾಂಗ್ ಟರ್ಮ್ ವರ್ಷವನ್ನು ಹೀಗೆ ನಡೆಸಿ

2025ರಲ್ಲಿ ನೀಟ್ ಬರೆದವರು ಸುಮಾರು 22 ಲಕ್ಷ. ಅರ್ಹತೆ ಪಡೆದವರು 12 ಲಕ್ಷಕ್ಕೂ ಜಾಸ್ತಿ. ಇಡೀ ದೇಶದಲ್ಲಿರುವ ಎಂಬಿಬಿಎಸ್ ಸೀಟುಗಳು ಮಾತ್ರ ಒಂದೂಕಾಲು ಲಕ್ಷದ ಆಸುಪಾಸು. ಅಂದರೆ ಪಾಸಾದವರಲ್ಲೇ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಮಂದಿಗೆ ಸೀಟಿಲ್ಲ. ಈ ಲೆಕ್ಕವನ್ನು ಮೊದಲು ಮನೆಯವರಿಗೆ ಹೇಳಿ. ಸೀಟು ಸಿಗದವರೆಲ್ಲ ದಡ್ಡರಲ್ಲ.

ವಿಜಯಪುರದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುವ ನಾನು ಪ್ರತಿ ಜೂನ್‌ನಲ್ಲೂ ಒಂದು ಅವಸರ ನೋಡುತ್ತೇನೆ. ಫಲಿತಾಂಶ ಬಂದ ವಾರದಲ್ಲೇ ಅಪ್ಪ ಸಾಲ ಮಾಡಿ ಲಾಂಗ್ ಟರ್ಮ್ ಬ್ಯಾಚಿಗೆ, ಅಂದರೆ ಮತ್ತೆ ನೀಟ್ ಬರೆಯುವವರ ವರ್ಷದ ಕೋಚಿಂಗಿಗೆ, ಫೀ ಕಟ್ಟಿರುತ್ತಾರೆ. ಹುಡುಗ ಅದೇ ನೋಟ್ಸ್ ಹಿಡಿದು ಮತ್ತೆ ಮೊದಲ ಪಾಠದಿಂದ ಶುರು ಮಾಡಿರುತ್ತಾನೆ. ಹೋದ ಸಲ ಸೀಟು ಯಾಕೆ ತಪ್ಪಿತು ಅಂತ ಯಾರೂ ಕೇಳಿರುವುದಿಲ್ಲ. ಅದು ಗೊತ್ತಾಗದೆ ಶುರುವಾದ ವರ್ಷದಲ್ಲಿ ಹಳೆಯ ತಪ್ಪುಗಳೇ ಇನ್ನೊಮ್ಮೆ ಆಗುತ್ತವೆ. ಅದಕ್ಕೇ ಇಲ್ಲಿ ಫೀ ಕಟ್ಟುವ ಮಾತು ಐದನೇ ಹೆಜ್ಜೆಯಲ್ಲಿ ಬರುತ್ತದೆ.

1. ಅಂಕ ಪಕ್ಕಕ್ಕಿಡಿ, ರ‍್ಯಾಂಕ್ ನೋಡಿ

ಅಂಕವನ್ನು ನಂಬಿ ಲೆಕ್ಕ ಹಾಕಬೇಡಿ. 2024ರಲ್ಲಿ 720ಕ್ಕೆ 720 ತೆಗೆದವರೇ ಹಲವರಿದ್ದರು. 2025ರಲ್ಲಿ ಭೌತಶಾಸ್ತ್ರ ಬಿಗಿಯಾಗಿ ಬಂತು. ದೇಶಕ್ಕೇ ಮೊದಲು ಬಂದವರ ಅಂಕ 686. ಸಾಮಾನ್ಯ ವರ್ಗದ ಅರ್ಹತಾ ಅಂಕ 162ರಿಂದ 144ಕ್ಕೆ ಇಳಿಯಿತು. ಹಾಗಾಗಿ ‘ನಮ್ಮ ಓಣಿಯ ಹುಡುಗನಿಗೆ ಇಷ್ಟು ಅಂಕಕ್ಕೆ ಸೀಟು ಸಿಕ್ಕಿತ್ತು’ ಎಂಬ ಮಾತಿಗೆ ಬೆಲೆಯಿಲ್ಲ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಪ್ರತಿ ಸುತ್ತಿನ ನಂತರ ಕಾಲೇಜುವಾರು ಕಟ್‌ಆಫ್ ರ‍್ಯಾಂಕ್ ಪಟ್ಟಿ ಹಾಕುತ್ತದೆ. ಎರಡು ವರ್ಷಗಳ ಕೊನೆಯ ಸುತ್ತಿನ ಪಟ್ಟಿ ಇಳಿಸಿಕೊಳ್ಳಿ. ಅದರಲ್ಲಿ ನಿಮ್ಮ ಕಾಲಂ ಹುಡುಕಿ. 2ಎ ವರ್ಗದವರಾದರೆ 2ಎಜಿ. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ 2ಎಆರ್. ಕನ್ನಡ ಮಾಧ್ಯಮವಾಗಿದ್ದರೆ 2ಎಕೆ. ನಿಮ್ಮ ರ‍್ಯಾಂಕಿಗೂ ಆ ಕಾಲಂನ ಕೊನೆಯ ರ‍್ಯಾಂಕಿಗೂ ಎಷ್ಟು ಅಂತರವಿದೆಯೋ ಅದೇ ನೀವು ಈ ವರ್ಷ ದಾಟಬೇಕಾದ ದೂರ.

ನಮ್ಮ ಭಾಗದ ಕಾಲೇಜುಗಳ ಬಗ್ಗೆ ಒಂದು ಗೊಂದಲ ಬಹಳ ಮನೆಗಳಲ್ಲಿದೆ. ಬೆಳಗಾವಿಯ ಬಿಮ್ಸ್ ಸರ್ಕಾರಿ ಕಾಲೇಜು. ಬಾಗಲಕೋಟೆಯ ಎಸ್. ನಿಜಲಿಂಗಪ್ಪ ಮೆಡಿಕಲ್ ಕಾಲೇಜು, ವಿಜಯಪುರದ ಅಲ್-ಅಮೀನ್ ಖಾಸಗಿಯವು, ಅಲ್ಲಿ ಸರ್ಕಾರಿ ಕೋಟಾದ ಸೀಟುಗಳೂ ಇವೆ. ಇವು ಕೆಇಎ ಪಟ್ಟಿಯಲ್ಲಿ ಸಿಗುತ್ತವೆ. ಆದರೆ ಬೆಳಗಾವಿಯ ಜೆಎನ್‌ಎಂಸಿ ಮತ್ತು ವಿಜಯಪುರದ ಬಿಎಲ್‌ಡಿಇಯ ಬಿ.ಎಂ. ಪಾಟೀಲ ಕಾಲೇಜು ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಸೇರಿದವು. ಡೀಮ್ಡ್ ಸೀಟುಗಳನ್ನು ಹಂಚುವುದು ದೆಹಲಿಯ ಎಂಸಿಸಿ, ಅಂದರೆ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ. ಮನೆ ಹತ್ತಿರ ಇದೆ ಅಂತ ಅಲ್ಲಿ ನಮಗೆ ಬೇರೆ ಲೆಕ್ಕವಿಲ್ಲ, ಫೀ ಕೂಡ ವರ್ಷಕ್ಕೆ ಹತ್ತಾರು ಲಕ್ಷ. ಸರ್ಕಾರಿ ಕಾಲೇಜಿನಲ್ಲಿ ಅದು ಲಕ್ಷದೊಳಗೆ ಮುಗಿಯುತ್ತದೆ.

ಇನ್ನೊಂದು ಮಾತು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳು 371ಜೆ, ಅಂದರೆ ಕಲ್ಯಾಣ ಕರ್ನಾಟಕದ ಮೀಸಲಾತಿಯ ವ್ಯಾಪ್ತಿಗೆ ಬರುವುದಿಲ್ಲ. ಸಿಂದಗಿ ಕಡೆಯ ಮಕ್ಕಳು ಕಲಬುರಗಿಯ ಗೆಳೆಯನ ಕಟ್‌ಆಫ್ ನೋಡಿ ಆಸೆ ಇಟ್ಟುಕೊಳ್ಳುವುದನ್ನು ಕಂಡಿದ್ದೇನೆ. ಆ ಕೋಟಾದ ಪಟ್ಟಿಯೇ ಬೇರೆ.

2. ಒಎಂಆರ್ ಹಾಳೆ ತೆಗೆದು ಕೂರಿ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಇದಕ್ಕೆ ಪೂರ್ತಿ ಒಂದು ವಾರ ಕೊಡಿ. ನೀಟ್ ನಡೆಸುವ ಎನ್‌ಟಿಎ ನಿಮ್ಮ ಒಎಂಆರ್ ಹಾಳೆಯ, ಅಂದರೆ ಗೋಲ ತುಂಬಿದ ಉತ್ತರ ಹಾಳೆಯ, ಸ್ಕ್ಯಾನ್ ಪ್ರತಿ ಮತ್ತು ಉತ್ತರ ಕೀ ಕೊಡುತ್ತದೆ. ಅವನ್ನು ಪ್ರಿಂಟ್ ತೆಗೆಸಿ ಪ್ರಶ್ನೆಪತ್ರಿಕೆಯ ಪಕ್ಕದಲ್ಲಿಡಿ. ತಪ್ಪಾದ ಮತ್ತು ಬಿಟ್ಟ ಪ್ರತಿಯೊಂದು ಪ್ರಶ್ನೆಯ ಎದುರಿಗೂ ಒಂದು ಗುರುತು ಹಾಕಿ. ಪಾಠವೇ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಲೆಕ್ಕದಲ್ಲಿ ಎಡವಿದೆನೇ, ಪ್ರಶ್ನೆ ತಪ್ಪಾಗಿ ಓದಿದೆನೇ? ಸುಮ್ನೆ ಊಹೆ ಮಾಡಿ ಗೋಲ ತುಂಬಿದೆನೇ? ಸಮಯ ಸಾಲದೆ ಬಿಟ್ಟೆನೇ?

ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಕಡಿತ. ಅಂದರೆ ಗೊತ್ತಿದ್ದ ಪ್ರಶ್ನೆಯೊಂದು ತಪ್ಪಾದರೆ ಹೋಗುವುದು 5 ಅಂಕ. ಒಂದು ಉದಾಹರಣೆ ಹಿಡಿಯಿರಿ. 160 ಪ್ರಶ್ನೆ ಮುಟ್ಟಿದ್ದೀರಿ, 110 ಸರಿ, 50 ತಪ್ಪು. ಅಂಕ 390. ಆ 50ರಲ್ಲಿ 15 ಪ್ರಶ್ನೆಗಳು ಅವಸರದಲ್ಲಿ ಹೋದವು ಅಂದುಕೊಳ್ಳಿ. ಅವಷ್ಟೇ ಸರಿಯಾದರೆ ಅಂಕ 465. ಇನ್ನು 20 ಪ್ರಶ್ನೆ ಬರೀ ಊಹೆಯಾಗಿದ್ದರೆ, ಅವನ್ನು ಖಾಲಿ ಬಿಟ್ಟಿದ್ದರೂ 485. ಹೊಸದಾಗಿ ಒಂದು ಪಾಠವನ್ನೂ ಓದದೆ 95 ಅಂಕ ಏರಿತು. ಈ ಹುಡುಗನಿಗೆ ಬೇಕಿರುವುದು ಟೆಸ್ಟ್ ಬರೆಯುವ ಅಭ್ಯಾಸ. ಅವನನ್ನು ಮತ್ತೆ ಮೊದಲ ಪಾಠದಿಂದ ಕೂರಿಸಿದರೆ ಏನು ಉಪಯೋಗ, ಅಲ್ವಾ?

ಇನ್ನೊಬ್ಬಳ ಹಾಳೆಯಲ್ಲಿ ಜೀವಶಾಸ್ತ್ರದ 360ರಲ್ಲಿ 300 ಬಂದಿರುತ್ತದೆ, ಭೌತಶಾಸ್ತ್ರದ 180ರಲ್ಲಿ 40. ಆಕೆಗೆ ಬೇಕಿರುವುದು ಒಬ್ಬ ಒಳ್ಳೆಯ ಫಿಸಿಕ್ಸ್ ಮೇಷ್ಟ್ರು. ಎರಡು ಹಾಳೆಗೂ ಒಂದೇ ಔಷಧ ನಡೆಯುವುದಿಲ್ಲ.

3. ವರ್ಷ ತೆಗೆದುಕೊಳ್ಳಬೇಕೇ?

ನಿಯಮದ ತೊಡಕಿಲ್ಲ. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು ಅಷ್ಟೇ. ಮೇಲಿನ ವಯಸ್ಸಿನ ಮಿತಿ ಇಲ್ಲ, ಇಷ್ಟೇ ಸಲ ಬರೆಯಬೇಕು ಅಂತಲೂ ಇಲ್ಲ. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಸೇರಿ ಸಾಮಾನ್ಯ ವರ್ಗಕ್ಕೆ ಶೇ 50, ಎಸ್‌ಸಿ, ಎಸ್‌ಟಿ, ಒಬಿಸಿಗೆ ಶೇ 40 ಇರಬೇಕು. ಅಲ್ಲಿ ಕಡಿಮೆ ಬಿದ್ದಿದ್ದರೆ ಮೊದಲು ಅದನ್ನು ಸರಿಮಾಡಿ. 2024ರಿಂದ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಅಂಕ ಏರಿಸಿಕೊಳ್ಳಲು ದಾರಿ ಇದೆ.

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಅಂತರ ಎಲ್ಲಿಂದ ಬಂತು ಎಂದು ಒಎಂಆರ್ ಹಾಳೆ ತೋರಿಸಿದ್ದರೆ, ಮತ್ತು ಡಾಕ್ಟರ್ ಆಗಬೇಕೆನ್ನುವುದು ನಿಮ್ಮದೇ ಆಸೆಯಾಗಿದ್ದರೆ, ಒಂದು ವರ್ಷ ತೆಗೆದುಕೊಳ್ಳಿ. ಎರಡನೇ ವರ್ಷಕ್ಕೆ ಹೋಗುವುದು ರ‍್ಯಾಂಕ್ ಗಡಿಯ ಹತ್ತಿರ ಬಂದು ನಿಂತಿದ್ದರೆ ಮಾತ್ರ. ಆಸೆ ಅಪ್ಪ-ಅವ್ವನದ್ದಾಗಿದ್ದರೆ ಈಗಲೇ ಹೇಳಿಬಿಡಿ. ಕಷ್ಟದ ಮಾತು ನಿಜ. ಆದರೆ ಮುಂದಿನ ಜೂನ್‌ನಲ್ಲಿ ಹೇಳುವುದು ಇನ್ನೂ ಕಷ್ಟ.

ಬಿಡಿಎಸ್ ಅಥವಾ ಬಿಎಎಂಎಸ್ ಸೀಟು ಸಿಕ್ಕಿದೆ, ಸೇರಿಕೊಂಡೇ ಮತ್ತೆ ಓದುತ್ತೇನೆ ಅನ್ನುವವರು ಸೀಟು ಮಧ್ಯದಲ್ಲಿ ಬಿಟ್ಟರೆ ದಂಡವೆಷ್ಟು, ಮೂಲ ದಾಖಲೆಗಳು ಯಾವಾಗ ವಾಪಸ್ ಸಿಗುತ್ತವೆ ಎಂದು ಸೇರುವ ಮೊದಲೇ ಬರಹದಲ್ಲಿ ತಿಳಿದುಕೊಳ್ಳಿ. ಬಿ.ಎಸ್ಸಿ ಸೇರಿ ಓದುವುದೂ ಆಗುತ್ತದೆ, ಆದರೆ ಹಾಜರಾತಿ ಮತ್ತು ಪ್ರಾಕ್ಟಿಕಲ್‌ಗಳು ದಿನದ ಅರ್ಧ ತಿನ್ನುತ್ತವೆ.

‘ದುಡ್ಡು ಕೊಡಿ, ಸೀಟು ನಾವು ಕೊಡಿಸುತ್ತೇವೆ’ ಎಂದು ಬರುವ ಏಜೆಂಟರಿಗೆ ಮನೆ ಬಾಗಿಲು ಹಾಕಿ. ಮ್ಯಾನೇಜ್‌ಮೆಂಟ್ ಸೀಟು ಕೂಡ ಕೌನ್ಸೆಲಿಂಗ್‌ನಿಂದಲೇ ಸಿಗಬೇಕು. ವಿದೇಶದ ಎಂಬಿಬಿಎಸ್‌ಗೂ ನೀಟ್ ಅರ್ಹತೆ ಬೇಕೇಬೇಕು. 2021ರ ನಿಯಮದಂತೆ ಅಲ್ಲಿ ಕನಿಷ್ಠ 54 ತಿಂಗಳ ಕೋರ್ಸ್, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಿರಬೇಕು. ಏಜೆಂಟರು ಇದನ್ನು ಪೂರ್ತಿ ಹೇಳುವುದು ಅಪರೂಪ.

4. ಮನೆಯಲ್ಲಿ ಒಪ್ಪಂದ ಮಾಡಿಕೊಳ್ಳಿ

ಮನೆಯಲ್ಲಿದ್ದಾನೆ ಎಂದರೆ ನಮ್ಮ ಕಡೆ ಅವನು ಕೆಲಸಕ್ಕೆ ಸಿಗುತ್ತಾನೆ ಎಂದೇ ಅರ್ಥ. ತಿಕೋಟಾ ಕಡೆ ಅಕ್ಟೋಬರ್‌ನಲ್ಲಿ ದ್ರಾಕ್ಷಿ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಬರುತ್ತದೆ. ಮುಧೋಳ, ಜಮಖಂಡಿ ಕಡೆ ನವೆಂಬರ್ ಹೊತ್ತಿಗೆ ಕಬ್ಬು ಕಡಿಯುವ ಗದ್ದಲ. ಜನವರಿಯಲ್ಲಿ ಸಿದ್ಧೇಶ್ವರ ಜಾತ್ರೆ, ಬನಶಂಕರಿ ಜಾತ್ರೆ. ಏಪ್ರಿಲ್‌ನಲ್ಲಿ ಬರೀ ಮದುವೆಗಳು, ಅದೂ ಪರೀಕ್ಷೆಗೆ ತಿಂಗಳಿರುವಾಗ. ಯಾವುದಕ್ಕೆ ಹೋಗುತ್ತೇನೆ, ಯಾವುದಕ್ಕೆ ಇಲ್ಲ ಎಂದು ಜೂನ್‌ನಲ್ಲೇ ಅಪ್ಪನ ಜೊತೆ ಕೂತು ಮಾತಾಡಿ. ಹೊಲದ ಕೆಲಸಕ್ಕೆ ಆಳು ಹಚ್ಚುವ ಖರ್ಚನ್ನೂ ಈ ವರ್ಷದ ಖರ್ಚಿನಲ್ಲಿ ಸೇರಿಸಿ. ಅಪ್ಪನಿಗೂ ಆಗ ಮನಸ್ಸು ಹಗುರ.

ಹೆಣ್ಣುಮಕ್ಕಳಿಗೆ ತೊಂದರೆ ಬೇರೆಯದೇ. ಮನೆಯಲ್ಲಿ ಕೂತಿದ್ದಾಳೆ ಅಂತ ಗೊತ್ತಾದರೆ ಸಾಕು, ಸೋದರತ್ತಿಯೋ ಕಾಕಾನೋ ವರ ತರುತ್ತಾರೆ. ಚಲೋ ಮನೆತನ, ಬಿಡಬಾರದು ಅನ್ನುತ್ತಾರೆ. ಜಾಣ ಹುಡುಗಿಯರ ವರ್ಷ ಹೀಗೆ ಹೋದದ್ದನ್ನು ನೋಡಿ ನನಗೆ ಸಂಕಟವಾಗಿದೆ. ಕೌನ್ಸೆಲಿಂಗ್ ಮುಗಿಯುವವರೆಗೆ ಮದುವೆ ಮಾತು ಬೇಡ ಎಂದು ಅಪ್ಪ-ಅವ್ವನಿಂದ ಮೊದಲೇ ಮಾತು ತೆಗೆದುಕೊಳ್ಳಿ. ನೀವೇ ಹೇಳಲು ಆಗದಿದ್ದರೆ ನಿಮ್ಮ ಲೆಕ್ಚರರ್‌ರನ್ನು ಮನೆಗೆ ಕರೆಯಿರಿ. ನಾವು ಬಂದು ಹೇಳುತ್ತೇವೆ. ಅದು ನಮ್ಮ ಕೆಲಸವೂ ಹೌದು.

‘ಏನಪಾ, ಈ ವರ್ಷ ಖಾಲಿ ಕುಂತಿಯೇನು?’ ಎಂದು ಕೇಳುವವರಿಗೆ ‘ಮತ್ತೆ ನೀಟ್ ಬರಿಯಾಕತ್ತೀನ್ರಿ’ ಅಂದರೆ ಸಾಕು. ವಿವರಣೆ ಕೊಡಬೇಕಿಲ್ಲ.

5. ಎಲ್ಲಿ ಓದುವುದು?

ವಿಜಯಪುರ, ಧಾರವಾಡ, ಲಾತೂರು, ಬೆಂಗಳೂರು, ರಾಜಸ್ಥಾನದ ಕೋಟಾ ಎಂದು ಊರಿನ ಹೆಸರು ನೋಡಿ ಆರಿಸಬೇಡಿ. ನಿಮ್ಮ ಹಾಳೆ ತೋರಿಸಿದ ಕೊರತೆಯನ್ನು ಯಾರು ತುಂಬುತ್ತಾರೆ, ಅದನ್ನು ಕೇಳಿ. ಭೌತಶಾಸ್ತ್ರವನ್ನು ನಿಜವಾಗಿ ಕಲಿಸುವವರು ಯಾರು? ಒಂದು ಬ್ಯಾಚಿನಲ್ಲಿ ಎಷ್ಟು ಮಂದಿ? ಟೆಸ್ಟ್ ಆದ ಮೇಲೆ ತಪ್ಪುಗಳನ್ನು ಕೂರಿಸಿ ತೋರಿಸುತ್ತಾರೆಯೇ? ಮಧ್ಯದಲ್ಲಿ ಬಿಟ್ಟರೆ ಎಷ್ಟು ಹಣ ವಾಪಸ್? ಹಾಸ್ಟೆಲ್‌ನ ಊಟ, ನೀರು, ಕರೆಂಟ್ ನೋಡಿಯೇ ಬನ್ನಿ. ಹಣ ಇಲ್ಲದವರು ಮನೆಯಲ್ಲೇ ಓದಬಹುದು. ಕೇಂದ್ರ ಶಿಕ್ಷಣ ಸಚಿವಾಲಯ ಮತ್ತು ಐಐಟಿ ಕಾನ್ಪುರದ ‘ಸಾಥಿ’ ಜಾಲತಾಣ ನೀಟ್‌ಗೆ ಉಚಿತ.

6. ಜೂನ್‌ನಿಂದ ಮೇವರೆಗೆ

ಪಠ್ಯದಿಂದಲೇ ಶುರು ಮಾಡಿ. 2023ರ ಕೊನೆಯಲ್ಲಿ ನೀಟ್ ಪಠ್ಯಕ್ರಮ ಕಡಿಮೆಯಾಯಿತು. ಜೀರ್ಣಕ್ರಿಯೆ, ಖನಿಜ ಪೋಷಣೆ, ಸಸ್ಯಗಳಲ್ಲಿ ಸಾಗಾಣಿಕೆ, ರಸಾಯನಶಾಸ್ತ್ರದ ಘನಸ್ಥಿತಿ, ಪಾಲಿಮರ್ ಇಂಥ ಅಧ್ಯಾಯಗಳು ಹೊರಗೆ ಹೋದವು. ಅಣ್ಣ-ಅಕ್ಕಂದಿರಿಂದ ಬಂದ ಹಳೆಯ ಗೈಡ್‌ಗಳಲ್ಲಿ ಅವು ಇನ್ನೂ ಇರುತ್ತವೆ. ಪಠ್ಯಕ್ರಮದ ಪ್ರತಿಯನ್ನು ಗೋಡೆಗೆ ಅಂಟಿಸಿ, ಅದರಲ್ಲಿಲ್ಲದ್ದನ್ನು ಬಿಡಿ.

ಜೀವಶಾಸ್ತ್ರಕ್ಕೆ ಎನ್‌ಸಿಇಆರ್‌ಟಿ ಪುಸ್ತಕವೇ ಸಾಕು. ನಮ್ಮ ಪಿಯುಸಿ ಪುಸ್ತಕವೂ ಅದೇ. ಚಿತ್ರದ ಕೆಳಗಿನ ಸಣ್ಣ ಸಾಲು, ಕೋಷ್ಟಕ, ಕೊನೆಯ ಸಾರಾಂಶ, ಒಂದನ್ನೂ ಬಿಡಬೇಡಿ. ಭೌತಶಾಸ್ತ್ರವನ್ನು ಓದಿ ಕಲಿಯಲು ಆಗುವುದಿಲ್ಲ, ದಿನಾ ಪೆನ್ನು ಹಿಡಿದು ಲೆಕ್ಕ ಬಿಡಿಸಬೇಕು. ಅದಕ್ಕೆ ಬೆಳಗಿನ ಹೊತ್ತು ಕೊಡಿ.

ನವೆಂಬರ್ ಹೊತ್ತಿಗೆ ಪಠ್ಯ ಒಂದು ಸುತ್ತು ಮುಗಿಯಲಿ. ಆಮೇಲೆ ವಾರಕ್ಕೊಂದು ಪೂರ್ಣ ಟೆಸ್ಟ್. 2025ರಿಂದ 180 ಪ್ರಶ್ನೆಗೆ 180 ನಿಮಿಷ, ಮೊದಲಿದ್ದ ಹೆಚ್ಚುವರಿ 20 ನಿಮಿಷವೂ ಇಲ್ಲ, ಬಿಡುವ ಆಯ್ಕೆಯ ಪ್ರಶ್ನೆಗಳೂ ಇಲ್ಲ. ಪರೀಕ್ಷೆ ನಡೆಯುವುದು ಮೇ ತಿಂಗಳಲ್ಲಿ, ಮಧ್ಯಾಹ್ನ 2ರಿಂದ 5. ನಮ್ಮಲ್ಲಿ ಬಿಸಿಲು 40 ಡಿಗ್ರಿ ಇರುವ ಹೊತ್ತು. ಊಟ ಮಾಡಿ ಮಲಗುವ ರೂಢಿ ಇದ್ದವರಿಗೆ ಆಗ ಕಣ್ಣು ಎಳೆಯುತ್ತದೆ. ಅದಕ್ಕೇ ಟೆಸ್ಟ್‌ಗಳನ್ನೂ ಮಧ್ಯಾಹ್ನ 2ಕ್ಕೇ ಬರೆಯಿರಿ, ಕಾಗದದ ಒಎಂಆರ್ ಮೇಲೆ. ಪ್ರತಿ ಟೆಸ್ಟ್ ಆದಮೇಲೆ ಎರಡನೇ ಹೆಜ್ಜೆಯ ಗುರುತುಗಳನ್ನೇ ಮತ್ತೆ ಹಾಕಿ. ಅವಸರದ ತಪ್ಪುಗಳು ಕಡಿಮೆಯಾಗುತ್ತಿವೆಯೇ ಎಂದು ಅದರಿಂದಲೇ ತಿಳಿಯುತ್ತದೆ.

ಕನ್ನಡ ಮಾಧ್ಯಮದಿಂದ ಬಂದವರು ಅರ್ಜಿಯಲ್ಲಿ ಕನ್ನಡ ಆರಿಸಿದರೆ ಕನ್ನಡ-ಇಂಗ್ಲಿಷ್ ಎರಡೂ ಇರುವ ಪತ್ರಿಕೆ ಸಿಗುತ್ತದೆ. ಅನುವಾದದಲ್ಲಿ ಸಂಶಯ ಬಂದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ.

ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನಿಸಿದರೆ ಒಬ್ಬರೇ ಕೂರಬೇಡಿ. 14416 ಟೆಲಿಮಾನಸ್ ಸಹಾಯವಾಣಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ತಂದೆತಾಯಂದಿರೇ, ಈ ನಂಬರನ್ನು ನೀವೂ ಬರೆದಿಟ್ಟುಕೊಳ್ಳಿ.

7. ಕಾಗದಪತ್ರ ಚಳಿಗಾಲದಲ್ಲೇ ಮುಗಿಸಿ

ಜಾತಿ-ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ. ಅದರ ಆರ್‌ಡಿ ನಂಬರ್, ಅವಧಿ ನೋಡಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ, ಬಿಇಒ ಮೇಲುಸಹಿ ಬೇಕು. ಮೇ ರಜೆಯಲ್ಲಿ ಶಾಲೆಗೆ ಬೀಗ ಇರುತ್ತದೆ, ನೆನಪಿರಲಿ. ಅಖಿಲ ಭಾರತ ಕೋಟಾಕ್ಕೆ ಒಬಿಸಿ, ಇಡಬ್ಲ್ಯುಎಸ್ ಪತ್ರಗಳು ಕೇಂದ್ರದ ನಮೂನೆಯಲ್ಲಿರಬೇಕು. ಇವನ್ನು ಮಾತ್ರ ಏಪ್ರಿಲ್ 1ರ ನಂತರ ಹೊಸದಾಗಿ ಮಾಡಿಸಿ. ಕೆಲವು ಕಾಲೇಜುಗಳು ಓದು ನಿಂತ ವರ್ಷಕ್ಕೆ ನೋಟರಿ ಮಾಡಿಸಿದ ಅಫಿಡವಿಟ್ ಕೇಳುತ್ತವೆ.

8. ಸಿಇಟಿ ಅರ್ಜಿಯನ್ನೂ ಹಾಕಿ

ಸಿಇಟಿ ಬರೆದರೆ ಕೃಷಿ, ಬಿ.ಫಾರ್ಮಾ, ಬಿ.ಎಸ್ಸಿ ನರ್ಸಿಂಗ್, ಪಶುವೈದ್ಯಕೀಯದ ಬಾಗಿಲು ತೆರೆದಿರುತ್ತದೆ. ಓದುವ ವಿಷಯ ಬಹುಪಾಲು ಅದೇ. ಇದು ನಂಬಿಕೆಯ ಕೊರತೆ ಅಲ್ಲ.

9. ಕೌನ್ಸೆಲಿಂಗ್

ನೀಟ್ ಬರೆದರಷ್ಟೇ ಸೀಟು ತಾನಾಗಿ ಬರುವುದಿಲ್ಲ. ರಾಜ್ಯದ ಸೀಟಿಗೆ ಕೆಇಎಯಲ್ಲಿ, ಶೇ 15ರ ಅಖಿಲ ಭಾರತ ಕೋಟಾಕ್ಕೆ ಎಂಸಿಸಿಯಲ್ಲಿ, ಎರಡೂ ಕಡೆ ಬೇರೆ ಬೇರೆ ನೋಂದಣಿ ಮಾಡಬೇಕು. ಎಂಸಿಸಿಯ ಕೊನೆಯ ಸ್ಟ್ರೇ ಸುತ್ತಿನಲ್ಲಿ, ಅಂದರೆ ಉಳಿದ ಸೀಟುಗಳನ್ನು ಹಂಚುವ ಸುತ್ತಿನಲ್ಲಿ, ಸೀಟು ಸಿಕ್ಕೂ ಸೇರದಿದ್ದರೆ ಠೇವಣಿ ಹೋಗುತ್ತದೆ, ಮುಂದಿನ ವರ್ಷ ನೀಟ್‌ಗೆ ಕೂರುವುದಕ್ಕೂ ತಡೆ ಬೀಳುತ್ತದೆ. ಸೇರುವ ಮನಸ್ಸಿಲ್ಲದ ಕಾಲೇಜನ್ನು ಆ ಸುತ್ತಿನಲ್ಲಿ ತುಂಬಲೇಬೇಡಿ.

ಕೆಇಎಯ ಆಪ್ಷನ್ ಎಂಟ್ರಿಯಲ್ಲಿ ನಿಮಗೆ ಬೇಕಾದ ಕ್ರಮದಲ್ಲೇ ಕಾಲೇಜುಗಳನ್ನು ಬರೆಯಿರಿ. ಸಿಗಲಿಕ್ಕಿಲ್ಲ ಎಂದು ಹೆದರಿ ಒಳ್ಳೆಯ ಕಾಲೇಜನ್ನು ಕೆಳಗೆ ಹಾಕಬೇಡಿ. ಕಂಪ್ಯೂಟರ್ ಮೇಲಿನಿಂದ ನೋಡುತ್ತಾ ಬಂದು ನಿಮ್ಮ ರ‍್ಯಾಂಕಿಗೆ ಸಿಗುವ ಮೊದಲನೆಯದನ್ನು ಕೊಡುತ್ತದೆ. ಸೀಟು ಬಂದ ಮೇಲೆ ಏನು ಮಾಡುತ್ತೀರಿ ಎಂದು ಕೆಇಎ ‘ಚಾಯ್ಸ್’ ಕೇಳುತ್ತದೆ. ಸೀಟು ಒಪ್ಪಿಗೆಯಾದರೆ ಚಾಯ್ಸ್ 1 ಒತ್ತಿ ಸೇರಿಕೊಳ್ಳಿ. ಕೈಯಲ್ಲಿರುವುದನ್ನು ಉಳಿಸಿಕೊಂಡು ಇನ್ನೂ ಮೇಲಿನದಕ್ಕೆ ಕಾಯುವುದಾದರೆ ಚಾಯ್ಸ್ 2. ಆದರೆ ಮುಂದಿನ ಸುತ್ತಿನಲ್ಲಿ ಮೇಲಿನ ಸೀಟು ಬಂದರೆ ಹಳೆಯದು ತಾನಾಗಿ ರದ್ದಾಗುತ್ತದೆ, ಅದನ್ನು ಮತ್ತೆ ಕೇಳುವಂತಿಲ್ಲ. ಆದ್ದರಿಂದ ಚಾಯ್ಸ್ 2 ಒತ್ತುವುದಾದರೆ, ಮುಂದಿನ ಸುತ್ತಿಗೆ ಮೊದಲು ಮೇಲಿರುವ ಕಾಲೇಜುಗಳಲ್ಲಿ ಸೇರುವ ಮನಸ್ಸಿಲ್ಲದ ಹೆಸರುಗಳಿದ್ದರೆ ಪಟ್ಟಿಯಿಂದ ಅಳಿಸಿ.