ಹರ್ಮಾಟನ್ ಗಾಳಿಗೂ ಹರಿಯದ ಅಟುಂಪಾನ್ ಮುಚ್ಚಿಗೆ: ನನ್ನ ಅನುಭವ

ಡಿಸೆಂಬರ್ ಬಂತೆಂದರೆ ಘಾನಾದ ಕುಮಾಸಿಯಲ್ಲಿ ಸಹಾರಾ ಕಡೆಯ ಒಣಗಾಳಿ ಹರ್ಮಾಟನ್ ಶುರು. ಅಟುಂಪಾನ್ ಅನ್ನೋ ಮಾತಾಡುವ ಡೋಲುಗಳ ಜೋಡಿಗೆ ಅದೇ ಶತ್ರು. ಚರ್ಮ ಬಿಗಿದು ಶ್ರುತಿ ಏರುತ್ತದೆ, ಅದೂ ಎರಡರಲ್ಲೂ ಒಂದೇ ಸಮ ಏರಲ್ಲ. ಇಲ್ಲಿನ ಟ್ವಿ ಭಾಷೆಯ ಏರುದನಿ, ಇಳಿದನಿಗಳನ್ನೇ ಈ ಜೋಡಿ ಬಾರಿಸಿ ಹೇಳುವುದು. ನಡುವಿನ ಅಂತರ ಕೆಟ್ಟರೆ ಮಾತೇ ಕೆಟ್ಟಂತೆ.

ಊರಲ್ಲಿ ಮೃದಂಗಕ್ಕೆ ಮುಚ್ಚಿಗೆ, ಅಂದರೆ ಬಾಯಿಗೆ ಬಿಗಿಯುವ ಚರ್ಮ, ಹಾಕಿದ ಕೈ ನನ್ನದು. ಆದರೆ ಇಲ್ಲಿ ಚರ್ಮ ಬಿಗಿಯೋಕೆ ಬಾರು ಇಲ್ಲ, ಗೂಟ. ಹಿಂದೆ ಆನೆಯ ಕಿವಿ ಚರ್ಮ ಹಾಕುತ್ತಿದ್ದರು, ನನಗೆ ಸಿಕ್ಕಿದ್ದು ದನದ್ದು. ಎಲ್ಲರಂತೆ ನೆನೆಸಿ, ಬಿಗಿದು, ಬಿಸಿಲಿಗಿಟ್ಟೆ. ಶುರುವಿನವೆಲ್ಲ ಅಂಚಿನಿಂದ ನಡುವಿನವರೆಗೆ ಸೀಳಿದವು. ಚರ್ಮ ಒಂದಕ್ಕೆ ಮುನ್ನೂರು ಚಿಲ್ಲರೆ ಸೆಡಿ (ಘಾನಾದ ಹಣ). ಹಗ್ಗ, ಗೂಟ ಎಲ್ಲ ಸೇರಿ ಎರಡು ಸಾವಿರ ಹತ್ತಿರ ಮಣ್ಣುಪಾಲು.

ಆಮೇಲೆ ಬಿಸಿಲನ್ನೇ ಬಿಟ್ಟೆ. ಚರ್ಮ ಹಸಿ ಇರುವಾಗ ಗೂಟ ಸುಮ್ನೆ ಕೂರಿಸುವುದು, ಅಷ್ಟೇ. ನೆರಳಲ್ಲಿಟ್ಟು ಬೆಳಿಗ್ಗೆ ಸಂಜೆ ಎದುರುಬದುರು ಗೂಟಗಳಿಗೆ ಒಂದೊಂದೇ ಏಟು. ಹತ್ತು ದಿನ ಹಿಡಿಯುತ್ತೆ, ಅವಸರ ಇರುವವರಿಗೆ ಇದು ಆಗಲ್ಲ. ಒಳಮೈಗೆ ಏನು ಸವರ್ತೀನಿ ಅಂತ ಕೇಳಬೇಡಿ. ಎಣ್ಣೆ ಅಲ್ಲ, ಅಷ್ಟು ಹೇಳ್ತೀನಿ. ಅಹ್ವಿಯಾ ಊರಿನ ಮರಗೆಲಸದವರೊಬ್ಬರು ನೋಡಿ, "ನೆರಳಲ್ಲಿಟ್ಟರೆ ಕೊಳೆಯುತ್ತೆ, ಬೇಕಾದರೆ ನೋಡ್ತಿರು" ಎಂದು ನಕ್ಕರು.

ಈ ನಡುವೆ ಇನ್ನೊಂದು ಹುಚ್ಚು. ಅಪೆಂಟೆಮಾ ಅನ್ನೋ ಡೋಲು ಕೈಯಲ್ಲಿ ಬಾರಿಸೋದು ಅಲ್ವಾ, ಅದಕ್ಕೆ ನಮ್ಮ ಮೃದಂಗದ ಎಡಗಡೆ ಮುಚ್ಚಿಗೆಯ ಹಾಗೆ ರವೆ ಕಲಸಿ ಮೆತ್ತಿದೆ. ಒಂಟಿಯಾಗಿ ಬಾರಿಸಿದರೆ ಗುಮ್ಕಿಯ ಗುಂಯ್ ನಾದ ಸೊಗಸಾಗಿತ್ತು. ಪೆಟಿಯಾ, ಡೊನ್ನೊ ಡೋಲುಗಳ ಜೊತೆ ಸೇರಿದ ಕೂಡಲೇ ಮುಳುಗಿಹೋಯಿತು. "ಇದಕ್ಕೂ ಊಟ ಹಾಕ್ತೀಯಾ?" ಎಂದರು ತಂಡದವರು. ಕೆರೆದು ತೆಗೆದೆ.

ಜನವರಿಯಲ್ಲಿ, ಒಂದು ಶನಿವಾರ, ಹಿರಿಯರೊಬ್ಬರ ಉತ್ತರಕ್ರಿಯೆ. ಕೆಂಪು, ಕಪ್ಪು ಬಟ್ಟೆಯ ಜನ, ಅಡೋವಾ ಕುಣಿತ. ದವುರೊ ಗಂಟೆ ಹಿಡಿದ ನಡೆಯ ಮೇಲೆ ನನ್ನ ಜೋಡಿ ಮಾತಾಡಿತು. ವಯಸ್ಸಾದ ಅಮ್ಮ ಒಬ್ಬರು ಒಂದು ಅಂಗೈ ಮೇಲೆ ಇನ್ನೊಂದನ್ನು ಮಗುಚಿ, ಬೆರಳು ತಿರುಗಿಸಿ, ಪ್ರತಿ ಮಾತಿಗೂ ಕೈಯಲ್ಲೇ ಉತ್ತರ ಕೊಟ್ಟರು. ಸುತ್ತಲಿನವರು ಮೆಚ್ಚಿ ಅವರ ತಲೆಯ ಮೇಲೆ ಎರಡು ಬೆರಳು ಎತ್ತಿ ಹಿಡಿದರು. ಸಂಜೆ ನಾಲ್ಕರವರೆಗೆ ಒಂದೆರಡು ಗೂಟ ತಟ್ಟಿದ್ದು ಬಿಟ್ಟರೆ ಮುಟ್ಟಲೇ ಇಲ್ಲ.

ಮುಂದಿನ ವಾರ ಅಹ್ವಿಯಾದ ಅದೇ ಯಜಮಾನರು ಒಂದು ಜೋಡಿ ತಂದಿಟ್ಟರು. ಮುಚ್ಚಿಗೆ ಹಾಕೋಕೆ ಆರುನೂರು ಸೆಡಿ ಹೇಳಿದೆ. ಚೌಕಾಸಿ ಮಾಡಿ ಐನೂರಕ್ಕೆ ಇಳಿಸಿದರು, ಚರ್ಮ ಅವರದೇ.